ನಮ್ಮ ನರ್ಸಿಂಗ್ ಡಿಗ್ರಿ ಹೊರದೇಶದಲ್ಲಿ ನಡೆಯುತ್ತದೆಯೇ?

ಪ್ರಶ್ನೆ: ಮಗಳು ಬಿ.ಎಸ್ಸಿ. ನರ್ಸಿಂಗ್ ಮುಗಿಸಿದ್ದಾಳೆ. ಇಂಗ್ಲೆಂಡಿಗೋ ಜರ್ಮನಿಗೋ ಹೋದರೆ ಮತ್ತೆ ಓದಬೇಕೇ?
– ಓದುಗರೊಬ್ಬರು, ಮರಿಯಮ್ಮನಹಳ್ಳಿ

ಉತ್ತರ: ಮೊದಲಿಂದ ಓದಬೇಕಿಲ್ಲ, ಆದರೆ ಪರೀಕ್ಷೆಗಳು ತಪ್ಪವು. ಮೊದಲು ಬೆಂಗಳೂರಿನ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಆಗಿರಲಿ. ಇಂಗ್ಲೆಂಡಿಗೆ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಭಾಷಾ ಪರೀಕ್ಷೆಯಲ್ಲಿ ಓದು, ಆಲಿಸುವಿಕೆ, ಮಾತು ಮೂರರಲ್ಲೂ 7, ಬರವಣಿಗೆಯಲ್ಲಿ 6.5 ಬೇಕು. ಅಲ್ಲಿನ ನೋಂದಣಿಗೆ ಬೇಕಾದ ಕಂಪ್ಯೂಟರ್ ಪರೀಕ್ಷೆಯನ್ನು ಇಲ್ಲೇ ಬರೆಯಬಹುದು. ‘ಆಸ್ಕಿ’ ಎಂಬ ಪ್ರಾಯೋಗಿಕ ಪರೀಕ್ಷೆಗೆ ಅಲ್ಲಿಗೇ ಹೋಗಬೇಕು. ಜರ್ಮನಿಯವರು ನಮ್ಮ ಪಠ್ಯಕ್ರಮವನ್ನು ತಮ್ಮದರ ಪಕ್ಕ ಇಟ್ಟು ನೋಡಿ, ಕೊರತೆ ಕಂಡರೆ ಪತ್ರ ಕೊಡುತ್ತಾರೆ. ಆ ಕೊರತೆಯನ್ನು ತುಂಬಿಕೊಳ್ಳಲು ತರಬೇತಿ ಇಲ್ಲವೇ ಪರೀಕ್ಷೆ. ಅಲ್ಲಿವರೆಗೆ ಸಹಾಯಕಿಯ ಕೆಲಸ. ಜರ್ಮನ್ ಭಾಷೆ ಸಾಮಾನ್ಯವಾಗಿ ಬಿ2 ಮಟ್ಟದಲ್ಲಿ ಬರಬೇಕು. ನನ್ನ ಕೇಳಿದರೆ ಅಸಲಿ ಕಷ್ಟ ಇದೇ.

ಇನ್ನು ಹೆಸರಿನ ತೊಡಕು. ನಮ್ಮ ಕಡೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಕೆ. ಎಚ್.’ ಎಂದು ಇನಿಷಿಯಲ್ ಇದ್ದರೆ, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು, ಮನೆತನದ ಹೆಸರು ಬಿಡಿಸಿ ಬರೆದಿರುತ್ತದೆ. ಅಕ್ಷರ ಹೊಂದದಿದ್ದರೆ ಅರ್ಜಿ ನಿಂತೀತು, ಈಗಲೇ ಸರಿಮಾಡಿಸಿ.

ಏಜೆಂಟರ ವಿಷಯ: ಕೇಂದ್ರದ ನಿಯಮದಂತೆ ನೋಂದಾಯಿತ ಏಜೆಂಟರು ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾಶುಲ್ಕ 30,000 ರೂಪಾಯಿ ಮತ್ತು ಜಿಎಸ್‌ಟಿ ಮಾತ್ರ. ಲಕ್ಷಗಟ್ಟಲೆ ಕೇಳಿದರೆ ಎದ್ದು ಬನ್ನಿ.