ಲೆಪ್ಟಿಸ್ ಮಾಗ್ನಾ: 30 ಲಕ್ಷ ಪೌಂಡ್ ಎಣ್ಣೆಯ ಲೆಕ್ಕ

ಕ್ರಿ.ಪೂ. 46ರಲ್ಲಿ ಥಾಪ್ಸಸ್ ಕದನ ಗೆದ್ದ ಜೂಲಿಯಸ್ ಸೀಸರ್, ತನ್ನ ಎದುರಾಳಿಗಳ ಬೆನ್ನಿಗೆ ನಿಂತಿದ್ದ ಆಫ್ರಿಕಾದ ಊರುಗಳಿಗೆ ದಂಡ ಹಾಕಿದ. ಥಾಪ್ಸಸ್‌ಗೆ 20 ಲಕ್ಷ ಸೆಸ್ಟರ್ಸ್, ಹಡ್ರುಮೆಟಮ್‌ಗೆ 30 ಲಕ್ಷ. ಲೆಪ್ಟಿಸ್‌ನಿಂದ ಮಾತ್ರ ಅವನು ಕೇಳಿದ್ದು ಆಲಿವ್ ಎಣ್ಣೆ: ವರ್ಷಕ್ಕೆ 30 ಲಕ್ಷ ರೋಮನ್ ಪೌಂಡ್. ಆ ಎದುರಾಳಿಗಳ ಮಿತ್ರ, ನುಮಿಡಿಯಾದ ರಾಜ ಜೂಬಾನಿಗೆ ಆಯುಧ, ಆಳು, ಹಣ ಕೊಟ್ಟದ್ದು ಆ ಊರಿನ ತಪ್ಪು. ಈ ಲೆಪ್ಟಿಸ್ ಇಂದಿನ ಲಿಬಿಯಾದ ಟ್ರಿಪೋಲಿಯಿಂದ ಪೂರ್ವಕ್ಕೆ ಸುಮಾರು 120 ಕಿ.ಮೀ. ದೂರದ ಲೆಪ್ಟಿಸ್ ಮಾಗ್ನಾ ಎಂಬುದೇ ಹೆಚ್ಚಿನ ವಿದ್ವಾಂಸರ ಮತ.

ರೋಮನ್ ಪೌಂಡ್ ಅಂದರೆ ಸುಮಾರು 327 ಗ್ರಾಂ. ಹಾಗಾಗಿ ದಂಡದ ತೂಕ ವರ್ಷಕ್ಕೆ 980 ಟನ್, ಅಂದರೆ ಹತ್ತು ಲಕ್ಷ ಲೀಟರಿಗೂ ಮಿಗಿಲು. ನಮ್ಮ ಕಿರಾಣಿ ಅಂಗಡಿಯ 15 ಕಿಲೋ ಡಬ್ಬದಲ್ಲಿ ತುಂಬಿದರೆ 65,000 ಡಬ್ಬ.

ಇಷ್ಟು ಎಣ್ಣೆಗೆ ಎಷ್ಟು ಮರ ಬೇಕು? ಒಂದು ಕಿಲೋ ಎಣ್ಣೆಗೆ 5 ಕಿಲೋ ಆಲಿವ್ ಕಾಯಿ, ಮರವೊಂದಕ್ಕೆ 20 ಕಿಲೋ ಫಸಲು ಎಂದು ಹಿಡಿಯೋಣ. 4,900 ಟನ್ ಕಾಯಿ, 2,45,000 ಮರ. ಆದರೆ ಆಲಿವ್ ಒಂದು ವರ್ಷ ಜಗ್ಗಿ ಬಿಟ್ಟರೆ ಮರುವರ್ಷ ಕೈಕೊಡುವ ಮರ; ದಂಡಕ್ಕೆ ಅಂಥ ರಜೆಯಿಲ್ಲ. ಬರಗಾಲದ ವರ್ಷವನ್ನೂ ಸೇರಿಸಿಕೊಂಡರೆ ಇದರ ದುಪ್ಪಟ್ಟು ಮರಗಳಿದ್ದರೂ ಹೆಚ್ಚಲ್ಲ. ಊರಿನವರ ಅಡುಗೆಗೆ, ದೀಪಕ್ಕೆ, ಸ್ನಾನಕ್ಕೆ, ವ್ಯಾಪಾರಕ್ಕೆ ಬೇಕಾದ ಎಣ್ಣೆ ಇದರಾಚೆಗಿನದು.

ಈ ಎಣ್ಣೆ ಬರುತ್ತಿದ್ದುದು ನಗರದ ಹಿಂದಿನ ತರ್ಹುನಾ ಗುಡ್ಡಗಳಿಂದ. ಅಲ್ಲಿನ ಸೆನಾಮ್ ಸೆಮಾನಾ ಎಂಬ ಒಂದೇ ಜಾಗದಲ್ಲಿ 17 ಗಾಣಗಳ ಕುರುಹು ಸಿಕ್ಕಿದೆ. ಸುಗ್ಗಿ ಚೆನ್ನಾಗಿದ್ದ ವರ್ಷ ಗಾಣವೊಂದಕ್ಕೆ 10 ಟನ್ ಎಣ್ಣೆ ಎಂದು ಧಾರಾಳವಾಗಿ ಕೊಟ್ಟರೂ, ದಂಡ ತೀರಿಸಲಿಕ್ಕೇ 98 ಗಾಣ ಓಡಬೇಕು. ಈ ಗಾಣಕ್ಕೆ ಎರಡು ಎತ್ತರದ ಕಲ್ಲುಗಂಬ ನೆಟ್ಟು, ಅವುಗಳ ನಡುವೆ ಉದ್ದನೆಯ ಮರದ ತೊಲೆಯ ಒಂದು ತುದಿಯನ್ನು ಸಿಕ್ಕಿಸಿ, ಇನ್ನೊಂದು ತುದಿಯನ್ನು ಭಾರ ಕಟ್ಟಿ ಕೆಳಗೆಳೆಯುತ್ತಿದ್ದರು. ತೊಲೆಯಡಿ ಒಟ್ಟಿದ ಅರೆದ ಕಾಯಿಯಿಂದ ಎಣ್ಣೆ ಇಳಿಯುತ್ತಿತ್ತು. ತೊಲೆ ಹೋಗಿ ಕಂಬ ಮಾತ್ರ ಉಳಿದಿದ್ದವು. ಅವನ್ನು ನೋಡಿದ ಇಂಗ್ಲಿಷ್ ಪ್ರವಾಸಿ ಕೌಪರ್, 1897ರ ತನ್ನ ಪುಸ್ತಕದಲ್ಲಿ ಆದಿಕಾಲದ ಪೂಜಾಸ್ಥಳಗಳೆಂದು ಬರೆದ. ದುಡಿಮೆಯ ಜಾಗ ದೇವರ ಜಾಗವಾಗಿ ಕಂಡಿತು. ಆ ಕಂಬಗಳ ಗಾತ್ರ ಅಂಥದ್ದು.

ಇಷ್ಟು ದಂಡ ತೆತ್ತ ಊರು ಸೊರಗಿತೇ? ಇಲ್ಲ. ಕೇವಲ 38 ವರ್ಷ ಕಳೆದು, ಕ್ರಿ.ಪೂ. 8ರಲ್ಲಿ, ಅನ್ನೊಬಾಲ್ ರೂಫಸ್ ಎಂಬ ಸ್ಥಳೀಯ ಸಿರಿವಂತ ಸ್ವಂತ ಹಣದಲ್ಲಿ ಮಾರುಕಟ್ಟೆ ಕಟ್ಟಿಸಿದ, ಕ್ರಿ.ಶ. 1–2ರಲ್ಲಿ ರಂಗಮಂದಿರವನ್ನೂ ಕಟ್ಟಿಸಿದ. ಅವುಗಳ ಶಾಸನಗಳು ಲ್ಯಾಟಿನ್ ಮತ್ತು ಊರಿನ ಪ್ಯೂನಿಕ್ ಭಾಷೆ ಎರಡರಲ್ಲೂ ಇವೆ. ಆ ಮಾರುಕಟ್ಟೆಯ ಅಳತೆಗಲ್ಲಿನ ಮೇಲೆ ಮೂರು ಅಳತೆ ಕೊರೆದಿದ್ದಾರೆ: ಸುಮಾರು 29.5 ಸೆಂ.ಮೀ.ನ ರೋಮನ್ ಅಡಿ, 51.5 ಸೆಂ.ಮೀ.ನ ಪ್ಯೂನಿಕ್ ಮೊಳ, 52.5 ಸೆಂ.ಮೀ.ನ ಈಜಿಪ್ಟಿನ ಮೊಳ. ಎರಡು ಮೊಳಗಳ ನಡುವೆ ಒಂದೇ ಸೆಂಟಿಮೀಟರ್ ಅಂತರ. ಬಟ್ಟೆ ಮಾರುವವನಿಗೂ ಕೊಳ್ಳುವವನಿಗೂ ಅದರಲ್ಲೇ ಲಾಭನಷ್ಟ.

ಲೆಪ್ಟಿಸ್‌ನದು ಎಣ್ಣೆಯ ಲೆಕ್ಕವಾದರೆ, ಅದೇ ಕರಾವಳಿಯಲ್ಲಿ ಪೂರ್ವಕ್ಕಿದ್ದ ಗ್ರೀಕ್ ನಗರ ಸೈರೀನ್‌ನದು ಧಾನ್ಯದ ಲೆಕ್ಕ. ಕ್ರಿ.ಪೂ. 330ರ ಸುಮಾರಿಗೆ, ಗ್ರೀಸ್‌ನಲ್ಲಿ ಬರವಿದ್ದಾಗ ಅದು ಕಳಿಸಿದ ಧಾನ್ಯ ಒಟ್ಟು 8,05,000 ಮೆಡಿಮ್ನೊಸ್ (ಗ್ರೀಕರ ಧಾನ್ಯದ ಅಳತೆ); ಯಾರಿಗೆ ಎಷ್ಟೆಂಬ ಪಟ್ಟಿ ಕಲ್ಲಿನ ಮೇಲೆಯೇ ಇದೆ. ಅಥೆನ್ಸ್‌ಗೆ 1,00,000, ಅಲೆಗ್ಸಾಂಡರನ ತಾಯಿ ಒಲಿಂಪಿಯಾಸ್‌ಗೆ 72,600. ಮೆಡಿಮ್ನೊಸ್‌ಗೆ 40 ಕಿಲೋ ಗೋಧಿ ಎಂದರೆ ಒಟ್ಟು 32,000 ಟನ್.

ಲೆಪ್ಟಿಸ್‌ನ ಎಣ್ಣೆಯ ಕಥೆ ದಂಡದೊಂದಿಗೆ ಮುಗಿಯಲಿಲ್ಲ. ಆ ಊರಿನ ಮಗ ಸೆಪ್ಟಿಮಿಯಸ್ ಸೆವೆರಸ್ ಕ್ರಿ.ಶ. 193ರಲ್ಲಿ ಚಕ್ರವರ್ತಿಯಾಗಿ, ರೋಮ್‌ನ ಜನರಿಗೆ ದಿನವೂ ಉಚಿತ ಎಣ್ಣೆ ಸಿಗುವ ಏರ್ಪಾಡು ಮಾಡಿದ. ತವರಿನ ಸೀಮೆ ಅಭಿಮಾನದಿಂದ ಎಣ್ಣೆ ಕೊಟ್ಟಿತು. ಆ ಕಾಣಿಕೆಯೇ ಕ್ರಮೇಣ ಕಂದಾಯವಾಗಿ ಜನರ ಬೆನ್ನು ಬಗ್ಗಿಸಿತು. ಅದನ್ನು ತೆಗೆದುಹಾಕಲು 4ನೇ ಶತಮಾನದ ಚಕ್ರವರ್ತಿ ಕಾನ್‌ಸ್ಟಂಟೈನನೇ ಬರಬೇಕಾಯಿತು.