ಗೋಡೆ ಕುಡಿದ ನೀರು

ಮೂರು ವರ್ಷ ನಾವು ಗೋಡೆಗೆ ಬಣ್ಣ ಬಳಿಯುತ್ತಲೇ ಇದ್ದೆವು. ತೊಂಬತ್ತರ ದಶಕದಲ್ಲಿ ಕಟ್ಟಿದ ಬೆಂಗಳೂರಿನ ಮನೆ. ತಂದೆಯವರ ಪುಸ್ತಕದ ಬೀರುವಿನ ಹಿಂದೆ ಅಂಗೈಯಗಲದ ತೇವ ಕಂಡಾಗ ಮಳೆಯ ಮೇಲೆ ತಪ್ಪು ಹೊರಿಸಿದ್ದಾಯಿತು. ಮೆತ್ತಿದ ಪುಟ್ಟಿ ಆರೇ ತಿಂಗಳಲ್ಲಿ ಹಪ್ಪಳದಂತೆ ಎದ್ದಿತು. ಬಿರುಬೇಸಿಗೆಯಲ್ಲೂ ತೇವ ಹರಡಿದಾಗಲಷ್ಟೇ ಮಳೆ ನಿರ್ದೋಷಿಯೆಂದು ತಿಳಿದದ್ದು. ಅಷ್ಟರಲ್ಲಿ ಕೆಳಹಲಗೆಯ ಪುಸ್ತಕಗಳು ಬೂಷ್ಟು ಹಿಡಿದು ಒಂದಕ್ಕೊಂದು ಅಂಟಿಕೊಂಡಿದ್ದವು. ಅವುಗಳನ್ನು ಬಿಡಿಸುತ್ತ ಕುಳಿತ ತಂದೆಯವರು ಏನೂ ಮಾತನಾಡಲಿಲ್ಲ.

ನಲ್ಲಿಗಳನ್ನೆಲ್ಲ ನಿಲ್ಲಿಸಿ ಮೀಟರ್ ನೋಡಿ ಎಂಬ ಸಲಹೆ ಎಲ್ಲರ ಬಾಯಲ್ಲೂ ಇದೆ. ಬೆಂಗಳೂರಿನ ಮಟ್ಟಿಗೆ ಅದು ಅರ್ಧಸತ್ಯ. ಇಲ್ಲಿ ಮೀಟರ್ ಇರುವುದು ಸಂಪಿಗೆ ಮೊದಲು. ನೀರು ಸಂಪಿನಿಂದ ಮೇಲಿನ ಟ್ಯಾಂಕಿಗೇರಿ, ಅಲ್ಲಿಂದ ಗೋಡೆಯೊಳಗಿನ ಕೊಳವೆಗಳಿಗೆ ಇಳಿಯುತ್ತದೆ. ಅಲ್ಲಿನ ಸೋರಿಕೆಯ ಸುಳಿವು ಮೀಟರಿಗೆ ಸಿಗದು. ಒಂದು ರಾತ್ರಿ ಪಂಪು, ನಲ್ಲಿಗಳನ್ನು ಬಂದ್ ಮಾಡಿ ಟ್ಯಾಂಕಿನ ನೀರಿನ ಮಟ್ಟಕ್ಕೆ ಗುರುತು ಹಾಕಿದೆವು. ಬೆಳಿಗ್ಗೆ ನಾಲ್ಕು ಬೆರಳು ಇಳಿದಿತ್ತು. ಸಾವಿರ ಲೀಟರಿನ ಟ್ಯಾಂಕಿನಲ್ಲಿ ಅದು ಸುಮಾರು 60 ಲೀಟರ್! ಮರುರಾತ್ರಿ ಸ್ನಾನದ ಮನೆಯ ವಾಲ್ವನ್ನೂ ಮುಚ್ಚಿದಾಗ ಮಟ್ಟ ಕದಲಲಿಲ್ಲ. ಕಳ್ಳ ಸಿಕ್ಕಿದ.

ಸುಮಾರು 100 ಕಿ.ಮೀ. ದೂರದಿಂದ ಪಂಪ್ ಮಾಡಿ ತಂದ ಕಾವೇರಿ ನೀರದು. 2024ರ ಮಾರ್ಚಿನಲ್ಲಿ, ಕುಡಿಯುವ ನೀರಿನಿಂದ ವಾಹನ ತೊಳೆದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಘೋಷಿಸಿದಾಗ ಒದ್ದೆ ಬಟ್ಟೆಯಲ್ಲಿ ಕಾರು ಒರೆಸಿ ಹೆಮ್ಮೆಪಟ್ಟವರು ನಾವು. ಗೋಡೆ ಮಾತ್ರ ಕುಡಿಯುತ್ತಲೇ ಇತ್ತು.

ಟೈಲ್ಸ್ ಒಡೆದಾಗ ಕಂಡದ್ದು ತುಕ್ಕು ತಿಂದ ಕಬ್ಬಿಣದ ಎಲ್ಬೊ. ಅದೊಂದನ್ನೇ ಬದಲಿಸಿ ಮುಚ್ಚಲು ಪ್ಲಂಬರ್ ಹೊರಟರು. ಅದೇ ವಯಸ್ಸಿನ ಉಳಿದ ಜೋಡಣೆಗಳನ್ನು ನಂಬುವುದೆಂತು? ಇಡೀ ಸ್ನಾನದ ಮನೆಗೆ ಸಿಪಿವಿಸಿ ಕೊಳವೆ ಹಾಕಿಸಿದೆವು. ಗಾರೆ ಮುಚ್ಚುವ ಮುನ್ನ ಒತ್ತಡ ಪರೀಕ್ಷೆಗೆ ಒಪ್ಪದವರಿಗೆ ಕೆಲಸ ಕೊಡಲೇಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಕೊಳವೆ ಸರಿಹೋದ ಮಾತ್ರಕ್ಕೆ ಗೋಡೆ ಒಣಗುವುದಿಲ್ಲ. ಇಟ್ಟಿಗೆ ಹೀರಿದ ನೀರು ಹೊರಬರುವಾಗ ಲವಣಗಳನ್ನೂ ಹೊತ್ತು ತಂದು ಬಿಳಿ ಹುಡಿಯಾಗಿ ಬಿಡುತ್ತದೆ. ಅದನ್ನು ನೀರಿನಿಂದ ತೊಳೆದರೆ ಕರಗಿ ಮತ್ತೆ ಒಳಗಿಳಿಯುತ್ತದೆ. ಒಣ ಬ್ರಷ್ಷಿನಿಂದಲೇ ಉಜ್ಜಬೇಕು. ಸಡಿಲಗೊಂಡ ಗಾರೆಯನ್ನು ಕೆತ್ತಿ ತೆಗೆದು, ಕಿಟಕಿ ತೆರೆದು, ಫ್ಯಾನ್ ಹಾಕಿ ಕಾದೆವು. ಆಗಾಗ ಗೋಡೆಗೆ ಪ್ಲಾಸ್ಟಿಕ್ ಹಾಳೆಯನ್ನು ಅಂಚು ಬಿಗಿದು ಅಂಟಿಸಿ, ಎರಡು ದಿನದ ಮೇಲೆ ಒಳಬದಿಯಲ್ಲಿ ಹನಿ ಕಟ್ಟಿದೆಯೇ ಎಂದು ನೋಡುತ್ತಿದ್ದೆವು. ಹನಿ ನಿಲ್ಲಲು ಎರಡೂವರೆ ತಿಂಗಳು ಬೇಕಾಯಿತು. ನಡುವೆ ಬಂದ ದೀಪಾವಳಿಗೆ ಬರಿಯ ಇಟ್ಟಿಗೆಯ ಗೋಡೆಯನ್ನೇ ನೆಂಟರಿಗೆ ತೋರಿಸಿದೆವು.

ಬೀರು ಈಗ ಗೋಡೆಯಿಂದ ಒಂದು ಗೇಣು ಈಚೆಗೆ ನಿಂತಿದೆ. ಉಳಿದ ಪುಸ್ತಕಗಳನ್ನು ತಂದೆಯವರೇ ಜೋಡಿಸಿದರು. ಕೆಳಹಲಗೆಯನ್ನು ಖಾಲಿ ಬಿಟ್ಟಿದ್ದಾರೆ.