ಅಟ್ಟದ ಮೇಲಿನ ಬಿಳಿ ಪುಡಿ



ಕಳೆದ ಜನವರಿಯಲ್ಲಿ ನಾವು ವಾರ್ಷಿಕ ಧ್ಯಾನಕೂಟಕ್ಕೆಂದು ಕೊಡೈಕಾನಲ್ ಬೆಟ್ಟಕ್ಕೆ ಹೋಗಿದ್ದೆವು. ಎಂಟು ದಿನಗಳ ಮೌನ ಮುಗಿದ ಮೇಲೆ, ಗುರುಮಠದಲ್ಲಿ ನಮ್ಮೊಡನೆ ಓದಿದ ಗೆಳೆಯ ಗುರುಗಳ ಒತ್ತಾಯಕ್ಕೆ ಕಂಬಂ ಕಣಿವೆಗೆ ಇಳಿದು ಎರಡು ದಿನ ಅವರ ಗುರುಮನೆಯಲ್ಲಿ ಉಳಿದೆವು. 1895ರಲ್ಲಿ ಕಟ್ಟಿ ಮುಗಿದ ಪೆರಿಯಾರ್ ಅಣೆಕಟ್ಟಿನ ನೀರು ಹರಿಯುವ ನಾಡು ಅದು. ಭತ್ತ, ತೆಂಗು, ಬಾಳೆ, ಎಲ್ಲಕ್ಕಿಂತ ಹೆಚ್ಚಾಗಿ ದ್ರಾಕ್ಷಿ. ನಮ್ಮಲ್ಲಿ ಅನೇಕರಿಗೆ ತಿಳಿಯದ ಸಂಗತಿಯೆಂದರೆ, ಆ ತಮಿಳು ಸೀಮೆಯಲ್ಲಿ ತಲೆಮಾರುಗಳಿಂದ ಮನೆಯೊಳಗೆ ಕನ್ನಡವಾಡುವ ಒಕ್ಕಲಿಗರು, ಕಪ್ಪಿಲಿಯರು ಇದ್ದಾರೆ. ಓದು ಬರಹ ತಮಿಳಿನಲ್ಲಿ, ಜಗಳ ಮತ್ತು ಪ್ರೀತಿ ಕನ್ನಡದಲ್ಲಿ.

ಗುರುಮನೆಯ ಪಕ್ಕದಲ್ಲೇ ಅಂಥದೊಂದು ಮನೆ. ಯಜಮಾನರಿಗೆ ಎಪ್ಪತ್ತಾರು ವರ್ಷ. ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು. ದ್ರಾಕ್ಷಿ ತೋಟವನ್ನು ಗುತ್ತಿಗೆಗೆ ಕೊಟ್ಟು, ಹಳೆ ಮನೆಯ ಅರ್ಧ ಭಾಗವನ್ನು ಬಾಡಿಗೆಗೆ ಬಿಟ್ಟು, ಮುಂದಿನ ಎರಡು ಕೋಣೆಗಳಲ್ಲಿ ಅವರು ಇರುವುದೆಂದು ತೀರ್ಮಾನವಾಗಿತ್ತು. ತಿರುಪ್ಪೂರಿನಲ್ಲಿ ಕೆಲಸದಲ್ಲಿರುವ ಮಗ ಪೊಂಗಲ್ ರಜೆಗೆ ಬಂದವನು ಅಟ್ಟ ಖಾಲಿ ಮಾಡಿಸುತ್ತಿದ್ದ. ಕನ್ನಡ ಮಾತಾಡುವ ಸ್ವಾಮಿಗಳು ಬಂದಿದ್ದಾರೆಂದು ತಿಳಿದು ಹಿರಿಯರು ನಮ್ಮನ್ನೂ ಕರೆದರು. ಹೋಗಿ ನೋಡಿದರೆ ಅವರೇ ಏಣಿಯ ನಾಲ್ಕನೆಯ ಮೆಟ್ಟಿಲಿನಲ್ಲಿ ನಿಂತಿದ್ದಾರೆ! ಇಳಿಸಿ ಕುರ್ಚಿಯಲ್ಲಿ ಕೂರಿಸಿದೆವು. ಆ ವಯಸ್ಸಿನಲ್ಲಿ ಜಾರಿಬಿದ್ದು ತೊಡೆಯ ಮೂಳೆ ಮುರಿದರೆ ಮತ್ತೆ ಮೊದಲಿನಂತೆ ನಡೆದಾಡುವವರು ಕಡಿಮೆ. ಅಟ್ಟ ಹತ್ತುವುದು ಹುಡುಗರ ಕೆಲಸ, ಕೆಳಗೆ ಕುಳಿತು ಇದು ಏನು, ಯಾರದು, ಯಾರಿಗೆ ಎಂದು ಹೇಳುವುದು ಹಿರಿಯರ ಕೆಲಸ.

ಒಂದೊಂದಾಗಿ ಸಾಮಾನು ಇಳಿದವು. ಎತ್ತಿನ ಕೊರಳ ಗಂಟೆಗಳು, ಕಪಿಲೆ ಬಾವಿಯ ರಾಟೆ, ಹಿತ್ತಾಳೆಯ ಪಡಿ, ಸುಟ್ಟುಹೋದ ಪಂಪಿನ ಸ್ಟಾರ್ಟರ್, ತುಕ್ಕು ಹಿಡಿದ ಸ್ಪ್ರೇಯರ್, ಗಟ್ಟಿಯಾಗಿ ಕಲ್ಲಾದ ಮೈಲುತುತ್ತಿನ ಚೀಲ. ಕೊನೆಗೆ, ಕಾಗದದ ಚೀಟಿ ಕಳಚಿಹೋದ ಐದಾರು ಔಷಧಿ ಬಾಟಲಿಗಳು ಮತ್ತು ಮುಕ್ಕಾಲು ಪಾಲು ಬಿಳಿ ಪುಡಿ ತುಂಬಿದ ಒಂದು ಹಾರ್ಲಿಕ್ಸ್ ಬಾಟಲಿ.

ಬಾಟಲಿ ಚೆನ್ನಾಗಿತ್ತು. ಏಳು ವರ್ಷದ ಮೊಮ್ಮಗಳು ಗೋಲಿ ಹಾಕಿಡಲು ಅದು ತನಗೇ ಬೇಕೆಂದಳು. ಸೊಸೆ ಮುಚ್ಚಳ ತಿರುಗಿಸಿ, ರಂಗೋಲಿ ಪುಡಿಯೋ ಸುಣ್ಣವೋ ಇರಬೇಕು, ಚೆಲ್ಲಿ ತೊಳೆದು ಕೊಡುತ್ತೇನೆ ಎಂದರು. ಹಿರಿಯರು ಬಾಟಲಿಯನ್ನು ಕೈಗೆ ತೆಗೆದುಕೊಂಡು ಮೂಗಿನ ಹತ್ತಿರ ಒಯ್ಯುವುದರಲ್ಲಿದ್ದರು, ನಾವು ತಡೆದೆವು. "ಇದು ಏನು?" ಎಂದರೆ ಅವರಿಗೂ ಗೊತ್ತಿಲ್ಲ. "ಅವಳು ಇಟ್ಟದ್ದು ಸಾಮಿ. ಅವಳಿಗೆ ಗೊತ್ತಿತ್ತು" ಎಂದರು.

ಆ ಮಾತು ನಮ್ಮ ಮನಸ್ಸಿನಲ್ಲಿ ಉಳಿಯಿತು. ಈ ಲೇಖನವನ್ನು ಬರೆಯುತ್ತಿರುವುದೇ ಅದಕ್ಕಾಗಿ. ಬಾಟಲಿಯಲ್ಲಿ ಏನಿದೆ ಎಂಬ ತಿಳಿವಳಿಕೆ ಆ ತಾಯಿಯ ತಲೆಯಲ್ಲಿತ್ತು. ಅವರು ಹೋದರು, ಬಾಟಲಿ ಉಳಿಯಿತು.

ಇಳಿವಯಸ್ಸಿನಲ್ಲಿ ಮನೆಯ ಸಾಮಾನು ವಿಂಗಡಿಸುವುದನ್ನು ನಮ್ಮ ಜನ ಅಪಶಕುನವೆಂದು ತಿಳಿಯುತ್ತಾರೆ. "ಇನ್ನೂ ಬದುಕಿದ್ದೇನಲ್ಲ" ಎನ್ನುತ್ತಾರೆ. ಸ್ವೀಡನ್ ದೇಶದಲ್ಲಿ ಸಾಯುವ ಮುನ್ನ ಮನೆ ಚೊಕ್ಕಟ ಮಾಡಿಡುವುದಕ್ಕೆ ಒಂದು ಹೆಸರೇ ಇದೆ. ಮಾರ್ಗರೆಟಾ ಮ್ಯಾಗ್ನುಸನ್ ಎಂಬ ಹಿರಿಯ ಕಲಾವಿದೆ 2017ರಲ್ಲಿ ಅದರ ಬಗ್ಗೆಯೇ ಪುಸ್ತಕ ಪ್ರಕಟಿಸಿದರು. ಆದರೆ ಪಟ್ಟಣದವರ ಮನೆಯಲ್ಲಿ ಉಳಿಯುವುದು ಬಟ್ಟೆ, ಪಾತ್ರೆ, ಪುಸ್ತಕ. ಒಕ್ಕಲು ಮನೆಯ ಅಟ್ಟದಲ್ಲಿ ವಿಷವೂ ಉಳಿಯುತ್ತದೆ, ಬೀಜವೂ ಉಳಿಯುತ್ತದೆ, ಜಮೀನಿನ ಪತ್ರವೂ ಉಳಿಯುತ್ತದೆ, ಕೆಲವೊಮ್ಮೆ ಮೂರೂ ಒಂದೇ ಪೆಟ್ಟಿಗೆಯಲ್ಲಿ. ಕಣಜ ಕೆಡವಿ ದೊಡ್ಡದು ಕಟ್ಟಿಸಹೊರಟ ಶ್ರೀಮಂತನ ಸಾಮತಿ ತಮಗೆ ಗೊತ್ತೇ ಇದೆ, ಅದನ್ನು ಇಲ್ಲಿ ಬೋಧಿಸಲು ಹೊರಟಿಲ್ಲ. ನಮ್ಮದೇ ಕಪಾಟಿನಲ್ಲಿ ಮೂವತ್ತು ವರ್ಷದ ಹಿಂದಿನ ತತ್ತ್ವಶಾಸ್ತ್ರದ ಟಿಪ್ಪಣಿಗಳಿದ್ದವು. ಹೋದ ವರ್ಷ ತೆಗೆದು ನೋಡಿದರೆ ಗೆದ್ದಲು ನಮಗಿಂತ ಶ್ರದ್ಧೆಯಿಂದ ಅವನ್ನು ಓದಿ ಮುಗಿಸಿತ್ತು.

ಇರಲಿ, ಆ ಮನೆಗೆ ಮರಳೋಣ. ಮಗನಿಗೆ ರಜೆ ಇದ್ದದ್ದು ಮೂರು ದಿನ. ಮರುದಿನ ಭೋಗಿ, ತಮಿಳುನಾಡಿನಲ್ಲಿ ಪೊಂಗಲಿನ ಹಿಂದಿನ ದಿನ ಮನೆಯ ಹಳೆಯ ವಸ್ತುಗಳನ್ನು ಬೀದಿಯಲ್ಲಿ ಸುಡುವ ಪದ್ಧತಿ. "ಬಾಟಲಿಗಳನ್ನು ಭೋಗಿ ಬೆಂಕಿಗೆ ಹಾಕೋಣ, ಉಳಿದದ್ದನ್ನು ಗುಜರಿಯವನಿಗೆ ಕೊಡೋಣ" ಎಂದ. ಹಳೆಯ ಚಾಪೆ, ಪೊರಕೆ ಸುಡುತ್ತಿದ್ದ ಕಾಲದ ಪದ್ಧತಿ ಅದು. ಔಷಧಿ ಬಾಟಲಿಯನ್ನು ಬೆಂಕಿಗೆ ಹಾಕಿದರೆ ವಿಷ ಸುಟ್ಟುಹೋಗುವುದಿಲ್ಲ, ಹೊಗೆಯಾಗಿ ಸುತ್ತ ನಿಂತ ಮಕ್ಕಳ ಎದೆಗೆ ಹೋಗುತ್ತದೆ. ಮುಚ್ಚಳ ಬಿಗಿಯಾಗಿದ್ದರೆ ಸಿಡಿಯುವುದೂ ಉಂಟು.

ಗುಜರಿಯ ಮಾತು ಬಂದಾಗ ನಮಗೆ ನೆನಪಾದದ್ದು, ಹಿಂದಿನ ದಿನವಷ್ಟೇ ಇಳಿದು ಬಂದಿದ್ದ ಬೆಟ್ಟ. ಕೊಡೈಕಾನಲ್ಲಿನ ಸೇಂಟ್ ಮೇರೀಸ್ ರಸ್ತೆಯಲ್ಲಿ, ಪಾಂಬಾರ್ ಶೋಲಾ ಕಾಡಿನ ನೆತ್ತಿಯಲ್ಲಿ ಒಂದು ಥರ್ಮಾಮೀಟರ್ ಕಾರ್ಖಾನೆ ಇತ್ತು. ಅಮೆರಿಕದಿಂದ ತಂದ ಯಂತ್ರಗಳೊಂದಿಗೆ 1980ರ ದಶಕದಲ್ಲಿ ಆರಂಭವಾಗಿ, ಮುಂದೆ ಹಿಂದೂಸ್ತಾನ್ ಲಿವರ್ ಕೈಸೇರಿತು. ಜ್ವರ ನೋಡುವ ಗಾಜಿನ ಕಡ್ಡಿಯೊಳಗೆ ಬೆಳ್ಳಿಯಂತೆ ಹೊಳೆಯುವುದು ಪಾದರಸ. ಒಡೆದ ಗಾಜು ಪಾದರಸ ಸಮೇತ ಊರಿನ ಮುಂಜಿಕ್ಕಲ್ ಭಾಗದ ಗುಜರಿ ಅಂಗಳ ಸೇರಿತ್ತು. 2001ರ ಮಾರ್ಚಿನಲ್ಲಿ ಊರವರೂ ಪರಿಸರ ಸಂಘಟನೆಯವರೂ ಸೇರಿ ಅದನ್ನು ಬಯಲಿಗೆಳೆದಾಗ ಅಲ್ಲಿದ್ದದ್ದು 7.4 ಟನ್. ಕಾರ್ಖಾನೆ ಮುಚ್ಚಿತು. 2003ರಲ್ಲಿ ಸುಮಾರು 290 ಟನ್ ತ್ಯಾಜ್ಯವನ್ನು ಹಡಗಿನಲ್ಲಿ ಅಮೆರಿಕಕ್ಕೆ ವಾಪಸು ಕಳುಹಿಸಬೇಕಾಯಿತು. 591 ಮಂದಿ ಮಾಜಿ ಕಾರ್ಮಿಕರ ವಿಷಯ ಇತ್ಯರ್ಥವಾದದ್ದು 2016ರಲ್ಲಿ. ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಹೈದರಾಬಾದ್ ಘಟಕದ ವಿಜ್ಞಾನಿಗಳು ಕೊಡೈ ಕೆರೆಯ ಹೂಳಿನಲ್ಲೂ ಮೀನಿನಲ್ಲೂ ಪಾದರಸವನ್ನು ಕಂಡರು. ಪಾಂಬಾರ್ ಹೊಳೆಯಂತೂ ಬೆಟ್ಟದಿಂದ ಧುಮುಕಿ, ಕುಂಬಕ್ಕರೈ ಜಲಪಾತವಾಗಿ, ಪೆರಿಯಕುಳದ ಬಯಲಿಗೆ ಇಳಿಯುತ್ತದೆ. ಗುಜರಿಗೆ ಹಾಕಿದ್ದು ಹೋಯಿತು ಎಂದುಕೊಳ್ಳುತ್ತೇವೆ. ಅದು ನಮ್ಮ ಮನೆಯಿಂದ ಹೋಯಿತು, ಅಷ್ಟೇ.

ಕಾಸರಗೋಡಿನ ನಮ್ಮ ಬಂಧುಗಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸುವುದು ನಿಂತ ಮೇಲೂ, 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ದೇಶದಾದ್ಯಂತ ತಡೆದ ಮೇಲೂ, ಉಳಿದ ಪೀಪಾಯಿಗಳು ಗೋದಾಮಿನಲ್ಲೇ ಕುಳಿತಿದ್ದವು. ಸರ್ಕಾರಕ್ಕೇ ವಿಲೇವಾರಿ ಅಷ್ಟು ಕಷ್ಟವಾದ ಮೇಲೆ ಒಬ್ಬ ರೈತ ತನ್ನ ಅರ್ಧ ಬಾಟಲಿಯನ್ನು ಏನು ಮಾಡಬೇಕು? ನಿಜ ಹೇಳಬೇಕೆಂದರೆ ನಮ್ಮ ಹಳ್ಳಿಗಳಲ್ಲಿ ಇದಕ್ಕೆ ಸುಲಭದ ದಾರಿ ಇಲ್ಲ. ಮಾರುವಾಗ ಊರೂರಿಗೆ ಅಂಗಡಿ, ಹಿಂದಕ್ಕೆ ಪಡೆಯಲು ಒಂದೂ ಇಲ್ಲ. ಇದು ನ್ಯಾಯವಲ್ಲ ಎಂಬುದು ನಮ್ಮ ಅಭಿಪ್ರಾಯ.

ಆದರೂ ಮಾಡಬಹುದಾದದ್ದು ಇದೆ. ಕೈಗೆ ಚೀಲ ಸುತ್ತಿಕೊಂಡು, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಗುರುತು ಸಿಗದ ಬಾಟಲಿ ಮತ್ತು ಪುಡಿಯನ್ನು ತೆರೆಯದೆ, ಒಂದಕ್ಕೊಂದು ಬೆರೆಸದೆ, ನೆಟ್ಟಗೆ ಒಂದು ಪ್ಲಾಸ್ಟಿಕ್ ಡ್ರಮ್ಮಿನಲ್ಲಿಟ್ಟು ಸುತ್ತ ಒಣ ಮರಳು ತುಂಬಬೇಕು. ಮುಚ್ಚಳದ ಮೇಲೆ ‘ವಿಷ’ ಎಂದು ದಪ್ಪಕ್ಷರದಲ್ಲಿ ಬರೆದು, ವಾಸದ ಮನೆ, ಕೊಟ್ಟಿಗೆ, ಬಾವಿ ಮೂರರಿಂದಲೂ ದೂರದಲ್ಲಿ ಬೀಗ ಹಾಕಿಡಬೇಕು. ರೈತ ಸಂಪರ್ಕ ಕೇಂದ್ರಕ್ಕೆ ಅಥವಾ ಕೃಷಿ ಅಧಿಕಾರಿಗೆ ಬರವಣಿಗೆಯಲ್ಲಿ ತಿಳಿಸಬೇಕು. ಅವರು ಕೂಡಲೇ ಬರಲಿಕ್ಕಿಲ್ಲ, ಆದರೂ ತಿಳಿಸಬೇಕು. ಬಾವಿಗೆ, ಹಳ್ಳಕ್ಕೆ ಸುರಿಯುವುದು ಬೇಡ. ಖಾಲಿ ಡಬ್ಬಿಯನ್ನು ತೊಳೆದು ಬಳಸುವುದಂತೂ ಬೇಡವೇ ಬೇಡ. 2013ರ ಜುಲೈ 16ರಂದು ಬಿಹಾರದ ಸಾರಣ್ ಜಿಲ್ಲೆಯ ಶಾಲೆಯೊಂದರಲ್ಲಿ ಮಧ್ಯಾಹ್ನದ ಊಟ ಮಾಡಿ 23 ಮಕ್ಕಳು ಸತ್ತರು. ಅಡುಗೆಗೆ ಬಳಸಿದ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಇತ್ತು. ಎಣ್ಣೆಯನ್ನು ಆ ಔಷಧಿಯ ಹಳೆಯ ಡಬ್ಬಿಯಲ್ಲಿ ಇಟ್ಟಿದ್ದರೆಂದು ತಿಳಿದುಬಂತು.

ಮನೆಯಲ್ಲಿ ಹಳೆಯ ಪಾದರಸದ ಥರ್ಮಾಮೀಟರ್ ಇದ್ದರೆ ಅದನ್ನೂ ಗುಜರಿಗೆ ಹಾಕದೆ, ಹತ್ತಿರದ ಆಸ್ಪತ್ರೆಯಲ್ಲಿ ವಿಚಾರಿಸಿ ಕೊಡಬೇಕು. ಒಡೆದರೆ ಪೊರಕೆ ಹಿಡಿಯಬಾರದು, ಗುಂಡುಗಳು ಚೂರುಚೂರಾಗಿ ಹರಡುತ್ತವೆ. ಮಕ್ಕಳನ್ನು ಹೊರಗೆ ಕಳುಹಿಸಿ, ಕಿಟಕಿ ತೆರೆದು, ಗಟ್ಟಿ ಕಾಗದದಿಂದ ಒಟ್ಟುಗೂಡಿಸಿ ಮುಚ್ಚಳವಿರುವ ಸೀಸೆಗೆ ಹಾಕಬೇಕು. ಇನ್ನು ತೀರಿಹೋದವರ ಮಾತ್ರೆಗಳು. ರಕ್ತದೊತ್ತಡದ್ದು, ಸಕ್ಕರೆಯದ್ದು, ಹೃದಯದ್ದು, "ದುಡ್ಡು ಕೊಟ್ಟದ್ದಲ್ಲವೇ" ಎಂದು ಇಟ್ಟುಕೊಂಡು ತಲೆ ಸುತ್ತಿದಾಗ ಒಂದು ನುಂಗುವವರನ್ನು ನಾವು ಕಂಡಿದ್ದೇವೆ. ದಯವಿಟ್ಟು ಬೇಡ.

ಬಿಳಿ ಪುಡಿಯ ಗುಟ್ಟು ಸಂಜೆಯ ಹೊತ್ತಿಗೆ ಬಯಲಾಯಿತು. ಅಟ್ಟದ ಮೂಲೆಯಿಂದ ಕೊನೆಯದಾಗಿ ಒಂದು ಟ್ರಂಕು ಇಳಿಯಿತು. ಅದಕ್ಕೆ ಮಾವಿನಕಾಯಿ ಆಕಾರದ ದಿಂಡಿಗಲ್ ಬೀಗ. ಕೈಯಿಂದ ಮಾಡುವ ಆ ಬೀಗಗಳಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ, ಅದು ಏಕೆಂದು ಆ ಸಂಜೆ ನಮಗೆ ಅರ್ಥವಾಯಿತು. ಬೀಗದ ಕೈ ಎಲ್ಲಿದೆಯೋ ಯಾರಿಗೂ ತಿಳಿಯದು. ಮಗ ಸುತ್ತಿಗೆ ಹಿಡಿದು ಅರ್ಧ ಗಂಟೆ ಹೊಡೆದ, ಬೀಗ ಜಗ್ಗಲಿಲ್ಲ, ಕೊನೆಗೆ ಟ್ರಂಕಿನ ಕೊಂಡಿಯೇ ಕಿತ್ತು ಬಂತು. ಒಳಗೆ ಅವರ ಮದುವೆಯ ಸೀರೆ. ಅದರಡಿಯಲ್ಲಿ ಜಮೀನಿನ ಹಳೆಯ ಕ್ರಯಪತ್ರ ಮತ್ತು ಪಟ್ಟಾ. ವರ್ಷದ ಹಿಂದೆ ಕಚೇರಿಗೆ ಅಲೆದು ಅದರ ನಕಲು ಪಡೆಯಲು ಅವರು ಪಟ್ಟ ಪಾಡು ಬೇರೆ ಕಥೆ. ಎಲ್ಲದರ ಕೆಳಗೆ ಹಳೆ ಬಟ್ಟೆಯ ಒಂಬತ್ತು ಪುಟ್ಟ ಗಂಟುಗಳು. ಒಂದಕ್ಕೆ ಕೆಂಪು ದಾರ, ಒಂದಕ್ಕೆ ಕಪ್ಪು, ಒಂದಕ್ಕೆ ಎರಡು ಗಂಟು, ಒಂದಕ್ಕೆ ಮೂರು. ಬೀಜಗಳು! ಗಂಟುಗಳಿಂದ ಹೊಮ್ಮಿದ ಮುಗ್ಗು ವಾಸನೆಗೆ ಹಿರಿಯರು ತಟ್ಟನೆ ತಲೆ ಎತ್ತಿದರು. "ಗ್ಯಾಮಾಕ್ಸಿನ್ ಸಾಮಿ. ಹುಳು ಬೀಳದ ಹಾಗೆ ಬೀಜಕ್ಕೆ ಹಚ್ಚುತ್ತಿದ್ದಳು."

ಬಿ.ಎಚ್.ಸಿ. ಎಂದೂ ಕರೆಯುತ್ತಿದ್ದ ಆ ಪುಡಿಯನ್ನು ನಮ್ಮ ದೇಶ 1997ರಲ್ಲೇ ನಿಷೇಧಿಸಿತು. ಅಂದಮೇಲೆ ಆ ಬಾಟಲಿಗೆ ಕಾಲು ಶತಮಾನ ಮೀರಿದ ವಯಸ್ಸು. ಬೇಗ ಕೊಳೆತು ಮಣ್ಣಾಗುವ ಜಾತಿಯದಲ್ಲ ಅದು. ದೇಹದ ಕೊಬ್ಬಿನಲ್ಲಿ ಸೇರಿಕೊಂಡು ವರ್ಷಗಟ್ಟಲೆ ಉಳಿಯುತ್ತದೆ. ಮೊಮ್ಮಗಳ ಗೋಲಿ ಬಾಟಲಿ ಮರಳಿನ ಡ್ರಮ್ಮಿಗೆ ಹೋಯಿತು. ಹುಡುಗಿ ಅತ್ತಳು, ಎತ್ತಿನ ಗಂಟೆ ಕೊಟ್ಟ ಮೇಲೆ ಸುಮ್ಮನಾದಳು.

ಆದರೆ ಬೀಜ? ದಾರದ ಬಣ್ಣ, ಗಂಟಿನ ಲೆಕ್ಕ, ಅದು ಆ ತಾಯಿಯ ಲಿಪಿ. ಓದುವವರು ಯಾರೂ ಉಳಿದಿಲ್ಲ. ಮೇಲೆ ಬೆಟ್ಟದಲ್ಲಿ, ಶೆಂಬಗನೂರಿನ ಯೇಸುಸಭೆಯವರಲ್ಲಿ ಗಿಡಮೂಲಿಕೆಗಳನ್ನು ಒಣಗಿಸಿ ಹಾಳೆಗೆ ಅಂಟಿಸಿಡುವ ಪರಂಪರೆ ಇದೆ. ಪಳನಿ ಬೆಟ್ಟಗಳ ಸಸ್ಯಗಳ ಬಗ್ಗೆ 1999ರಲ್ಲಿ ಮೂರು ಸಂಪುಟಗಳ ಗ್ರಂಥ ಹೊರತಂದ ಗುರು ಕೆ.ಎಂ. ಮ್ಯಾಥ್ಯೂ ಅದೇ ಸಭೆಯವರು. ಅಂಥ ಪ್ರತಿ ಹಾಳೆಯ ಮೂಲೆಯಲ್ಲಿ ಗಿಡದ ಹೆಸರು, ಕಿತ್ತ ಜಾಗ, ದಿನಾಂಕ, ಕಿತ್ತವರು ಯಾರು ಎಂಬ ಚೀಟಿ ಇರುತ್ತದೆ. ಚೀಟಿ ಇರುವುದರಿಂದ ನೂರು ವರ್ಷದ ನಂತರವೂ ಅದು ಗಿಡ, ಇಲ್ಲವಾದರೆ ಹುಲ್ಲು. ನಮ್ಮ ತಾಯಂದಿರ ಬೀಜದ ಗಂಟಿಗೆ ನಾವು ಯಾರೂ ಚೀಟಿ ಬರೆದುಕೊಡಲಿಲ್ಲ. ತಾವು ಈ ಸಂಜೆಯೇ ಅಮ್ಮನನ್ನೋ ಅಜ್ಜಿಯನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಬರೆಯಬಹುದು. ಪೆನ್ಸಿಲಿನಲ್ಲಿ ಬರೆಯಿರಿ, ಶಾಯಿ ತೇವಕ್ಕೆ ಹರಡುತ್ತದೆ.

ಮಗ ಬೀಜವನ್ನೂ ಎಸೆಯೋಣವೆಂದ. ತಿನ್ನಲು, ಕೋಳಿಗೆ ಹಾಕಲು ಅದು ಸಲ್ಲದು ನಿಜ. ಮೊಳೆಯುತ್ತದೆಯೇ ಎಂದು ನೋಡಬಹುದಲ್ಲ ಎಂದೆವು. ಈರುಳ್ಳಿ ಬೀಜವಾದರೆ ಒಂದೆರಡು ವರ್ಷಕ್ಕೇ ಸತ್ತುಹೋಗುತ್ತದೆ, ಅವರೆ, ತೊಗರಿಯಂಥವು ಮೂರು ವರ್ಷ ತಡೆದಾವು. ಕೈಗೆ ಚೀಲ ಕಟ್ಟಿಕೊಂಡು, ಪ್ರತಿ ಗಂಟಿನಿಂದ ಹತ್ತು ಬೀಜ ಎಣಿಸಿ, ಒದ್ದೆ ಗೋಣಿ ತುಂಡಿನಲ್ಲಿ ಸುತ್ತಿ ನೆರಳಿನಲ್ಲಿಟ್ಟು, ದಿನಾ ನೀರು ಚಿಮುಕಿಸಿ ವಾರ ಕಾಯುವುದು. ಹತ್ತಕ್ಕೆ ಏಳೆಂಟು ಮೊಳೆತರೆ ಧಾರಾಳವಾಗಿ ಬಿತ್ತಬಹುದು. ಎರಡೇ ಮೊಳೆತರೂ ತಳಿ ಉಳಿಸಿಕೊಳ್ಳಲು ಸಾಕು. ಸೀರೆಯ ವಿಷಯದಲ್ಲಿ ಯಾರೂ ಏನೂ ಹೇಳಲಿಲ್ಲ. ಹಿರಿಯರು ಅದನ್ನು ಬಿಸಿಲಿಗೆ ಹರವಿ, ಮಡಚಿ, ತಮ್ಮ ಹೊಸ ಕೋಣೆಯ ಕಪಾಟಿನಲ್ಲಿ ಇಟ್ಟರು. ಎತ್ತಿನ ಎರಡನೆಯ ಗಂಟೆಯನ್ನು ತೋಟ ಗುತ್ತಿಗೆಗೆ ಹಿಡಿದ ಹುಡುಗನಿಗೆ ತಾವೇ ಕರೆದು ಕೊಟ್ಟರು. ಪಡಿ ಮಗಳಿಗೆ. ಉಳಿದ ಕಬ್ಬಿಣ ಗುಜರಿಗೆ, ತೂಕಕ್ಕೆ.

ತಪಸ್ಸುಕಾಲದ ಎರಡನೆಯ ವಾರ ಅವರ ದೂರವಾಣಿ ಬಂತು. ಎಂಟು ಗಂಟುಗಳಲ್ಲಿ ಒಂದೂ ಮೊಳೆಯಲಿಲ್ಲವಂತೆ. ಕೆಂಪು ದಾರ, ಎರಡು ಗಂಟಿನದರಲ್ಲಿ ಆರು ಬಂದಿವೆ, ಅವರೆ. ಪಂಪ್‌ಸೆಟ್ ಮನೆಯ ಗೋಡೆಗೆ ಹಬ್ಬಿಸಿದ್ದಾರಂತೆ. ಯಾವ ಅವರೆ ಎಂದು ಕೇಳಿದೆವು.

"ಹೂ ಬರಲಿ ಸಾಮಿ. ಬಿಳಿಯೋ ನೇರಳೆಯೋ ನೋಡಿ ಚೀಟಿ ಬರೆಯುತ್ತೇನೆ" ಎಂದರು.